ಮುಳ್ಳು ಕೆಳಗಿಳಿದ ಹೊತ್ತು: ಹಳೆಯ ಪಿಕಪ್ ಒಂದರ ಎಂಜಿನ್ ಬದಲಾವಣೆ

2019ರ ಫೆಬ್ರವರಿಯ ಒಂದು ಬೆಳಿಗ್ಗೆ ಮುಳಬಾಗಿಲಿನ ಗ್ಯಾರೇಜ್ ಒಂದಕ್ಕೆ ಹತ್ತು ವರ್ಷ ಹಳೆಯ ಬೊಲೆರೊ ಪಿಕಪ್ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಗ್ಯಾರೇಜ್ ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. ನಾನು ಐಟಿಐಯಲ್ಲಿ ಮೆಕ್ಯಾನಿಕ್ ಡೀಸೆಲ್ ಟ್ರೇಡ್ ಕಲಿಸುವವನು. "ಸರ್, ಎಂಜಿನ್ ಪೂರ್ತಿ ಹಿಡಿದುಕೊಂಡಿದೆ, ಬೇರೆಯದನ್ನೇ ಇಳಿಸಬೇಕು ಎನ್ನಿಸುತ್ತದೆ, ಒಮ್ಮೆ ಬಂದು ನೋಡಿ" ಎಂದು ಅವನು ಫೋನ್ ಮಾಡಿದಾಗ ನಾನು ಹೇಳಿದ್ದು ಒಂದೇ ಮಾತು: ನಾನು ಬರುವವರೆಗೆ ಏನನ್ನೂ ಬಿಚ್ಚಬೇಡ, ರೇಡಿಯೇಟರ್ ಮುಚ್ಚಳವನ್ನೂ ತೆಗೆಯಬೇಡ.

ಗಾಡಿಯ ಮಾಲೀಕರು ಐವತ್ತು ದಾಟಿದ ರೈತರು, ತಾವೇ ಓಡಿಸುವವರು. ಕೋಲಾರದ ಮಾರುಕಟ್ಟೆಯಿಂದ 15 ಕೆ.ಜಿ.ಯ ಟೊಮೆಟೊ ಕ್ರೇಟ್‌ಗಳನ್ನು ತುಂಬಿಕೊಂಡು ಚೆನ್ನೈಗೆ ಹೋಗುವುದು, ಬರುವಾಗ ಸಿಕ್ಕ ಬಾಡಿಗೆ ಹಿಡಿಯುವುದು ಅವರ ದುಡಿಮೆ. ಆ ರಾತ್ರಿ ಚಿತ್ತೂರಿನಿಂದ ಪಶು ಆಹಾರದ ಮೂಟೆಗಳನ್ನು ಹೇರಿಕೊಂಡು ಬರುತ್ತಿದ್ದರು. ಬಂಗಾರುಪಾಳ್ಯ ದಾಟಿ ಮೊಗಿಲಿ ಘಾಟಿನ ಏರು ಹತ್ತುವಾಗ ತಾಪಮಾನದ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಯಿತು. ನಿಲ್ಲಿಸಬೇಕೆಂದುಕೊಳ್ಳುವಷ್ಟರಲ್ಲಿ ಮುಳ್ಳು ತಾನಾಗಿಯೇ ಕೆಳಗಿಳಿಯಿತು. "ತಣ್ಣಗಾಯಿತಲ್ಲ ಮೇಷ್ಟ್ರೇ, ಏರು ಮುಗಿಯುತ್ತಾ ಬಂತು ಎಂದುಕೊಂಡು ಎರಡನೇ ಗೇರಿನಲ್ಲೇ ಎಳೆದೆ" ಎಂದರು. ಒಂದು ಕಿಲೋಮೀಟರ್ ಆಗುವಷ್ಟರಲ್ಲಿ ಎಂಜಿನ್ ಶಬ್ದ ಬದಲಾಯಿತು, ಬಲ ಇಳಿಯಿತು, ಕಟಕಟ ಎಂದು ಬಡಿದು ನಿಂತಿತು. ಪಕ್ಕದ ಹೋಟೆಲಿನಿಂದ ಒಂದು ಕೊಡ ತಣ್ಣೀರು ತಂದು ಸುರಿದರು.

ಈ ಮಾತುಗಳಲ್ಲಿ ಇಡೀ ಪ್ರಕರಣದ ಅರ್ಧ ಉತ್ತರವಿತ್ತು. ತಾಪಮಾನ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದಾಗ ಮಾತ್ರ ನಿಜ ಹೇಳುತ್ತದೆ. ನೀರು ಕುದಿದು ಹೊರಗೆ ಹೋಗಿ ಮಟ್ಟ ಇಳಿದರೆ ಸೆನ್ಸರ್ ಸುತ್ತ ಉಳಿಯುವುದು ಆವಿ ಮತ್ತು ಗಾಳಿ. ಗಾಳಿಯಿಂದ ಅದಕ್ಕೆ ನೀರಿನಿಂದ ತಗಲುವಷ್ಟು ಬಿಸಿ ತಗಲುವುದಿಲ್ಲ, ಮುಳ್ಳು ಕೆಳಗೆ ಬರುತ್ತದೆ. ಚಾಲಕರು ನೆಮ್ಮದಿಯಿಂದ ಉಸಿರು ಬಿಟ್ಟ ಕ್ಷಣವೇ ಎಂಜಿನ್ ನೀರಿಲ್ಲದೆ ಉರಿಯತೊಡಗಿದ ಕ್ಷಣ. ಮೂವತ್ತು ವರ್ಷ ಗಾಡಿ ಓಡಿಸಿದವರಿಗೂ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಪ್ರತಿ ವರ್ಷ ಇಂತಹ ಗಾಡಿಗಳನ್ನು ನೋಡುತ್ತೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಸತ್ತ ಎಂಜಿನ್ ಹೇಳಿದ್ದು

ಇದು 2523 ಸಿಸಿಯ, ನಾಲ್ಕು ಸಿಲಿಂಡರಿನ ಡಿಐ ಎಂಜಿನ್, ಅಂದರೆ ಡೀಸೆಲ್ಲನ್ನು ನೇರವಾಗಿ ಸಿಲಿಂಡರಿಗೇ ಸಿಂಪಡಿಸುವಂಥದ್ದು. ಬೋರ್ (ಸಿಲಿಂಡರಿನ ಅಗಲ) 88.9 ಮಿ.ಮೀ, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 101.6 ಮಿ.ಮೀ. ಅಂದರೆ ಮೂರೂವರೆ ಇಂಚು ಮತ್ತು ನಾಲ್ಕು ಇಂಚು. ಮಿಲಿಮೀಟರ್ ಲೆಕ್ಕ ಬರುವುದಕ್ಕೆ ಮುಂಚಿನ, ಟ್ರ್ಯಾಕ್ಟರ್ ಕಾಲದ ಮನೆತನ ಅದರದು. ಭಾರ ಹೊತ್ತು ನಿಧಾನವಾಗಿ ಏರುವುದಕ್ಕೆ ಹೇಳಿ ಮಾಡಿಸಿದ್ದು. ಕಂಪ್ಯೂಟರ್ ಇಲ್ಲ, ಸ್ಪ್ಯಾನರ್ ಹಿಡಿಯಲು ಬಂದವರು ರಿಪೇರಿ ಮಾಡಬಹುದು.

ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ ಬಿಚ್ಚಿದಾಗ ಮೂರು ಮತ್ತು ನಾಲ್ಕನೆಯ ಸಿಲಿಂಡರುಗಳ ಗೋಡೆಯ ಮೇಲೆ ಉದ್ದುದ್ದ ಗೀರುಗಳು. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಗೋಡೆಗೆ ಮೆತ್ತಿಕೊಂಡಿತ್ತು. ಇದರ ಲೆಕ್ಕವನ್ನು ನಾನು ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಬರೆಸುತ್ತೇನೆ. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಈ ಅಳತೆಯ ಪಿಸ್ಟನ್ 100 ಡಿಗ್ರಿ ಹೆಚ್ಚುವರಿ ಬಿಸಿಯಾದರೆ ಸುಮಾರು 0.18 ಮಿ.ಮೀ ದಪ್ಪವಾಗುತ್ತದೆ, ಅಷ್ಟೇ ಬಿಸಿಗೆ ಸುತ್ತಲಿನ ಕಬ್ಬಿಣ ಬಿಡುವ ಜಾಗ 0.1 ಮಿ.ಮೀ. ನಡುವಿನ ವ್ಯತ್ಯಾಸ ಒಂದು ಕೂದಲೆಳೆಯಷ್ಟು. ಪಿಸ್ಟನ್ ಮತ್ತು ಗೋಡೆಯ ನಡುವೆ ಎಣ್ಣೆಯ ಪದರಕ್ಕೆಂದು ಬಿಟ್ಟ ಜಾಗವೂ ಹೆಚ್ಚು ಕಡಿಮೆ ಅಷ್ಟೇ. ಆ ಜಾಗ ಮುಗಿದರೆ ಎಣ್ಣೆ ಒರಸಿಹೋಗುತ್ತದೆ, ಲೋಹ ಲೋಹಕ್ಕೆ ಅಂಟುತ್ತದೆ. ಹಿಂದಿನ ಎರಡು ಸಿಲಿಂಡರುಗಳೇ ಮೊದಲು ಹೋದದ್ದೂ ಸಹಜ. ನೀರಿನ ಪಂಪ್ ಇರುವುದು ಮುಂದೆ. ನೀರು ಕಡಿಮೆಯಾದಾಗ ಕೊನೆಯ ಮನೆಗೆ ಮೊದಲು ನಿಲ್ಲುತ್ತದೆ, ನಮ್ಮ ಊರಿನ ನಲ್ಲಿಯಂತೆ.

ಗೀರು ಬಿದ್ದರೆ ಬೋರ್ ಮಾಡಿಸಬಹುದು, ಅಂದರೆ ಗೋಡೆಯನ್ನು ಕೊರೆದು ಅಗಲಿಸಬಹುದು; ಲೈನರ್, ಅಂದರೆ ಒಳಗೆ ಹೊಸ ಲೋಹದ ಕೊಳವೆ, ಹಾಕಿಸಬಹುದು. ಮಾಲೀಕರ ಆಸೆಯೂ ಅದೇ ಆಗಿತ್ತು. ಎರಡು ಸಂಗತಿಗಳು ಆ ಬಾಗಿಲನ್ನು ಮುಚ್ಚಿದವು. ಪಿಸ್ಟನ್ನುಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕನ್ನು ಅಳೆದರೆ ಅದು ಹಿಂದೆಯೇ ಮೂವತ್ತು ಸೈಜಿಗೆ ಬಂದಿತ್ತು. ಲೇತ್‌ನವರು ಹತ್ತು, ಇಪ್ಪತ್ತು, ಮೂವತ್ತು ಎನ್ನುವುದು ಇಂಚಿನ ಸಾವಿರದ ಭಾಗಗಳನ್ನು. ಒಂದೊಂದು ಸಲ ಉಜ್ಜಿದಾಗ ಕಾಲು ಮಿಲಿಮೀಟರ್ ಲೋಹ ಹೋಗುತ್ತದೆ. ಈ ಕ್ರ್ಯಾಂಕಿಗೆ ಮುಂದಿನ ಸೈಜಿನ ಬೇರಿಂಗ್ ನಮಗೆ ಸಿಗುವಂತಿರಲಿಲ್ಲ. ಎರಡನೆಯದು ಇನ್ನೂ ಗಂಭೀರ. ಸಿಲಿಂಡರುಗಳಿರುವ ಕಬ್ಬಿಣದ ಒಡಲಾದ ಬ್ಲಾಕನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಸುಣ್ಣದ ಪುಡಿ ಹಚ್ಚಿದೆವು. ಸ್ವಲ್ಪ ಹೊತ್ತಿಗೆ ಮೂರು ಮತ್ತು ನಾಲ್ಕರ ನಡುವಿನ ಗೋಡೆಯಲ್ಲಿ ಒಂದು ತೆಳುವಾದ ಒದ್ದೆ ಗೆರೆ ಮೂಡಿತು. ಬಿರುಕು. ಕಾದ ಕಬ್ಬಿಣದ ಮೇಲೆ ಬಿದ್ದ ಆ ಒಂದು ಕೊಡ ತಣ್ಣೀರಿನ ಗುರುತು ಅದೆಂದು ನನ್ನ ಅಂದಾಜು.

ಯಾವ ಎಂಜಿನ್?

ಹೊಸ ಎಂಜಿನ್ನಿನ ಬೆಲೆ ಇಡೀ ಗಾಡಿಯನ್ನು ಮಾರಿದರೆ ಬರುವ ಹಣದ ಹತ್ತಿರಕ್ಕೆ ಬರುತ್ತಿತ್ತು. ಅದು ಆಗದ ಮಾತು. ಉಳಿದದ್ದು ಗುಜರಿಯ ಎಂಜಿನ್. ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲಿನಲ್ಲಿ ಮೂರು ಎಂಜಿನ್‌ಗಳನ್ನು ನೋಡಿದೆವು.

ಮಾಲೀಕರ ಮಗ ಅಲ್ಲಿ ಒಂದು ಕಾಮನ್ ರೈಲ್ ಎಂಜಿನ್ನಿನ ಮೇಲೆ, ಅಂದರೆ ಕಂಪ್ಯೂಟರ್ ಹೇಳಿದಂತೆ ಡೀಸೆಲ್ ಸಿಂಪಡಿಸುವ ಎಂಜಿನ್ನಿನ ಮೇಲೆ, ಕಣ್ಣಿಟ್ಟ. ಅದೂ 2523 ಸಿಸಿ, ಅದೇ ಕಂಪನಿ, ಬೆಲೆಯೂ ಕಡಿಮೆ. "ಎಲ್ಲ ಒಂದೇ ಅಲ್ಲವೇ ಸರ್, ಹೊಗೆಯೂ ಕಡಿಮೆ" ಎಂದ. ಸಿಸಿ ಒಂದೇ ಆದ ಮಾತ್ರಕ್ಕೆ ಎಂಜಿನ್ ಒಂದೇ ಆಗುವುದಿಲ್ಲ. ಕಾಮನ್ ರೈಲ್‌ಗೆ ಬೇರೆ ಪಂಪ್, ಬೇರೆ ಇಂಜೆಕ್ಟರ್, ಹತ್ತಾರು ಸೆನ್ಸರ್, ಅವನ್ನೆಲ್ಲ ಆಳುವ ಕಂಪ್ಯೂಟರ್ ಪೆಟ್ಟಿಗೆಯಾದ ಇಸಿಯು, ಅದಕ್ಕೊಪ್ಪುವ ವೈರಿಂಗ್, ಹಿಂದಿರುಗುವ ಡೀಸೆಲ್ಲಿನ ಕೊಳವೆ ಎಲ್ಲವೂ ಬೇಕು. ಎಂಜಿನ್ ಅಗ್ಗಕ್ಕೆ ಸಿಕ್ಕಿದ್ದೇ ಅದರ ಇಸಿಯು ಮತ್ತು ವೈರಿಂಗ್ ಇಲ್ಲದ ಕಾರಣಕ್ಕೆ. ಜೊತೆಗೆ ಕಾನೂನಿನ ಮಾತೂ ಇತ್ತು. ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ತೀರ್ಪು ನೀಡಿತ್ತು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ನಾನು ಗ್ಯಾರೇಜಿನವರಿಗೆ ಓದಿ ಹೇಳುವುದುಂಟು, ಏಕೆಂದರೆ ಬಹುಪಾಲು ಜನರು ಎಂಜಿನ್ ಇಳಿಸಿದ ಮೇಲೆ ಎಫ್‌ಸಿ (ಗಾಡಿಯ ಅರ್ಹತಾ ಪತ್ರ) ಹೊತ್ತಿಗೆ ನೋಡಿಕೊಂಡರಾಯಿತು ಎಂದುಕೊಂಡಿರುತ್ತಾರೆ. ಹತ್ತು ಅಥವಾ ಹೆಚ್ಚು ಸಾರಿಗೆ ವಾಹನಗಳಿರುವ ಮಾಲೀಕರಿಗೆ ಮಾತ್ರ, ಅದೇ ತಯಾರಿಕೆಯ ಅದೇ ಬಗೆಯ ಎಂಜಿನ್ನನ್ನು ಮುಂಚಿತ ಒಪ್ಪಿಗೆಯಿಲ್ಲದೆ ಬದಲಿಸಲು ರಾಜ್ಯ ಸರ್ಕಾರ ಅಧಿಕಾರ ಕೊಡಬಹುದು. ಒಂದೇ ಗಾಡಿಯ ರೈತರು ಮೊದಲೇ ಆರ್‌ಟಿಒ ಒಪ್ಪಿಗೆ ಪಡೆಯಬೇಕು, ಬದಲಿಸಿದ 14 ದಿನಗಳೊಳಗೆ ವರದಿ ಮಾಡಿ ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ಬರೆಸಬೇಕು. ಬರೆಸದೆ ಓಡಿಸುವಾಗ ಅಪಘಾತವಾದರೆ ವಿಮೆಯವರು ಮೊದಲು ಹಿಡಿಯುವ ಎಳೆ ಅದೇ ಸಂಖ್ಯೆ.

ಹೀಗಾಗಿ ನಮಗೆ ಬೇಕಿದ್ದದ್ದು ಅದೇ ಡಿಐ, ಕಾಗದವಿರುವ ಡಿಐ. ಎರಡನೆಯ ಎಂಜಿನ್ ಹತ್ತು ಸಾವಿರ ಅಗ್ಗವಿತ್ತು, ಆದರೆ ಅದು ಯಾವ ಗಾಡಿಯದೆಂದು ಅಂಗಡಿಯವರು ಹೇಳಲಿಲ್ಲ; ಸಂಖ್ಯೆಯ ಜಾಗ ಉಜ್ಜಿದಂತೆ ಹೊಳೆಯುತ್ತಿತ್ತು. ಕಳವಿನ ಗಾಡಿಯದಾಗಿದ್ದರೆ ಕೊಂಡವರೂ ಸಿಕ್ಕಿಬೀಳಬಹುದು. ಅಲ್ಲಿಂದ ಹೊರಟೆವು. ಮೂರನೆಯದು ಅಪಘಾತದಲ್ಲಿ ಹಿಂಭಾಗ ಜಜ್ಜಿಹೋದ ಪಿಕಪ್ಪಿನದು. ನೋಂದಣಿ ರದ್ದಾದ ಪತ್ರ, ಎಂಜಿನ್ ಸಂಖ್ಯೆ ಬರೆದ ರಸೀದಿ, ಎರಡೂ ಇದ್ದವು.

ಕಾಗದ ಸರಿಯಿದ್ದರೆ ಸಾಲದು. ಮೊದಲು ಅಂಗೈಯನ್ನು ಬ್ಲಾಕಿನ ಮೇಲಿಟ್ಟು ನೋಡಿದೆ. ನಾವು ಬರುವ ಮುಂಚೆ ಓಡಿಸಿ ಬಿಸಿ ಮಾಡಿಟ್ಟಿದ್ದರೆ ತಣ್ಣನೆಯ ಸ್ಟಾರ್ಟ್ ಹೇಗಿದೆಯೆಂದು ಗೊತ್ತಾಗುವುದಿಲ್ಲ. ಬ್ಲಾಕ್ ತಣ್ಣಗಿತ್ತು. ಬ್ಯಾಟರಿ ಕೊಟ್ಟು, ಕ್ಯಾನಿನಿಂದ ಡೀಸೆಲ್ ಹರಿಸಿ ಹೊಡೆಸಿದೆವು. ಎರಡನೆಯ ಸುತ್ತಿಗೆ ಹಿಡಿಯಿತು. ಎಣ್ಣೆ ಹಾಕುವ ಬಾಯಿಯ ಮುಚ್ಚಳವನ್ನು ತಿರುವಿ ಹಾಗೆಯೇ ಮೇಲಿಟ್ಟೆವು. ಪಿಸ್ಟನ್ನಿನ ಸುತ್ತಲಿನ ರಿಂಗು ಸವೆದಿದ್ದರೆ ಕೆಳಗಿನಿಂದ ಬರುವ ಒತ್ತಡಕ್ಕೆ ಅದು ಹಾರಿ ಬೀಳುತ್ತದೆ. ಇಲ್ಲಿ ಮೆಲ್ಲಗೆ ನಡುಗಿತು, ಅಷ್ಟೇ. ಆಮೇಲೆ ಇಂಜೆಕ್ಟರ್ ಬಿಚ್ಚಿ, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದೆವು. ಮೂರು ಸಿಲಿಂಡರ್ 380ರಿಂದ 390 ಪಿಎಸ್‌ಐ, ಎರಡನೆಯದು ಮಾತ್ರ 335. ನಾಲ್ಕರ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಎನ್ನುವುದು ನಾನು ಕಲಿಸುವ ಅಳತೆ. ಅಂಗಡಿಯವರು ಬೇಸರ ಮಾಡಿಕೊಂಡರು. ಆದರೆ ಎಣ್ಣೆಯ ಬಾಯಲ್ಲಿ ಒತ್ತಡವಿಲ್ಲವಾದ್ದರಿಂದ ರಿಂಗು ಸರಿಯಿದೆ, ಸೋರುತ್ತಿರುವುದು ವಾಲ್ವ್ ಎಂದು ನನಗೆ ಅನ್ನಿಸಿತು. ಆ ಒಂದು ಸಂಖ್ಯೆಯ ಬಲದ ಮೇಲೆ ಬೆಲೆ 48,000ಕ್ಕೆ ಇಳಿಯಿತು. ಮುಳಬಾಗಿಲಿಗೆ ತಂದು ಹೆಡ್ ತೆಗೆದಾಗ ಎರಡನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಸೀಟಿನಲ್ಲಿ ಕಲೆ ಬಿದ್ದಿತ್ತು. ಪೇಸ್ಟ್ ಹಚ್ಚಿ ಉಜ್ಜಿ ಕೂರಿಸಿದ ಮೇಲೆ 378 ಬಂತು.

ಇಳಿಸಿದ್ದು

ಈ ಭಾಗವನ್ನು ಎಲ್ಲರೂ ದೊಡ್ಡ ಕೆಲಸವೆಂದು ತಿಳಿಯುತ್ತಾರೆ. ನಿಜವಾಗಿ ಎರಡು ದಿನದ ದುಡಿಮೆ, ಜಾಗ್ರತೆ ಇದ್ದರೆ ಸಾಕು. ಬಾನೆಟ್, ಮುಂದಿನ ಗ್ರಿಲ್, ರೇಡಿಯೇಟರ್ ತೆಗೆದು, ಗೇರ್‌ಬಾಕ್ಸಿಗೆ ಕೆಳಗಿನಿಂದ ಜಾಕ್ ಆಸರೆ ಕೊಟ್ಟು, ಎರಡು ಕ್ವಿಂಟಾಲಿಗೂ ಮೀರಿದ ಆ ಭಾರವನ್ನು ಚೈನ್ ಪುಲ್ಲಿಯಲ್ಲಿ ಎತ್ತಿದೆವು. ಬಿಚ್ಚಿದ ಪ್ರತಿ ಕೊಳವೆ, ಪ್ರತಿ ವೈರಿಗೂ ಚೀಟಿ ಕಟ್ಟಿಸಿದೆ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಮೌಂಟಿಂಗ್ ರಬ್ಬರ್, ಎಲ್ಲವನ್ನೂ ಹೊಸದಾಗಿ ಹಾಕಿದೆವು. ನೂರಿನ್ನೂರು ರೂಪಾಯಿಯ ಸೀಲ್ ಉಳಿಸಲು ಹೋಗಿ ಮತ್ತೊಮ್ಮೆ ಗೇರ್‌ಬಾಕ್ಸ್ ಇಳಿಸಿದವರನ್ನು ಕಂಡಿದ್ದೇನೆ.

ಒಂದು ಕಡೆ ಮಾತ್ರ ನಾನು ದನಿ ಎತ್ತಬೇಕಾಯಿತು. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಒಂದು ಬೆರಳಿನಷ್ಟು ಸಂದು ಉಳಿದಿತ್ತು. ಹುಡುಗರು ಬೋಲ್ಟ್ ಹಾಕಿ ಬಿಗಿದು ಎಳೆಯಲು ಹೊರಟರು. ಆ ಸಂದು ಕೈಯಿಂದ ಅಲ್ಲಾಡಿಸಿದರೆ ತಾನೇ ಮುಚ್ಚಬೇಕು. ಮುಚ್ಚಲಿಲ್ಲವೆಂದರೆ ಗೇರ್‌ಬಾಕ್ಸಿನ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲುಗಳಿಗೆ ಕೂತಿಲ್ಲ ಎಂದರ್ಥ. ಬೋಲ್ಟಿನ ಬಲದಲ್ಲಿ ಎಳೆದರೆ ಹೊಸ ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ. ಹಿಂದೆ ಸರಿಸಿ, ಹಳೆಯ ಶಾಫ್ಟ್ ತುಂಡೊಂದನ್ನು ತೂರಿಸಿ ಪ್ಲೇಟನ್ನು ನಡುವಿಗೆ ತಂದು ಮತ್ತೆ ಸೇರಿಸಿದಾಗ ಸದ್ದಿಲ್ಲದೆ ಕೂತಿತು.

ಡೀಸೆಲ್ ಪಂಪನ್ನು ಪರೀಕ್ಷೆಗೆ ಕಳಿಸಿದೆವು. ನಮ್ಮ ಕಡೆ ಅದನ್ನು ಯಾವ ಕಂಪನಿಯದಾದರೂ ಮೈಕೋ ಪಂಪ್ ಎಂದೇ ಕರೆಯುವುದು. 1951ರಲ್ಲಿ ಶುರುವಾದ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜಿನ ನಾಲಗೆ ಬದಲಾಗಿಲ್ಲ. ಸ್ಟಾರ್ಟ್ ಮಾಡುವ ಮುಂಚೆ ಡೀಸೆಲ್ ನಿಲ್ಲಿಸಿ, ಎಣ್ಣೆಯ ಒತ್ತಡದ ದೀಪ ಆರುವವರೆಗೆ ಬರಿದೇ ತಿರುಗಿಸಿದೆವು.

ನೀರಿನ ಕಥೆ

ಎಂಜಿನ್ ಕೂತ ಮೇಲೆ ಮಾಲೀಕರು ಗಾಡಿ ಕೊಡಿ ಎಂದರು. ಟೊಮೆಟೊ ಕಾಯುವುದಿಲ್ಲ, ಅವರ ಅವಸರ ನನಗೆ ಅರ್ಥವಾಗುತ್ತಿತ್ತು. ಆದರೆ ಹಳೆಯ ಎಂಜಿನ್ ಏಕೆ ಕುದಿಯಿತು ಎಂಬುದಕ್ಕೆ ಇನ್ನೂ ಉತ್ತರ ಸಿಕ್ಕಿರಲಿಲ್ಲ. ಆ ಉತ್ತರ ಸಿಗದೆ ಕೊಟ್ಟಿದ್ದರೆ 48,000ದ ಎಂಜಿನ್ನನ್ನು ಅದೇ ಘಾಟಿಗೆ ಕಳಿಸಿದಂತೆ.

ಮೊದಲ ದಿನ ಮುಟ್ಟಬೇಡ ಎಂದಿದ್ದ ಮುಚ್ಚಳದಿಂದ ಶುರು ಮಾಡಿದೆ. ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳವಲ್ಲ, ಅದೊಂದು ಒತ್ತಡದ ವಾಲ್ವ್. ನೀರು 100 ಡಿಗ್ರಿಗೆ ಕುದಿಯುತ್ತದೆ ಎನ್ನುವುದು ಸಮುದ್ರಮಟ್ಟದ ಮಾತು. ಕೋಲಾರದ ಬಯಲು 800 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳ ಹಾಕಿದರೆ ಅದೇ ನೀರು 115 ಡಿಗ್ರಿ ದಾಟುವವರೆಗೂ ತಡೆಯುತ್ತದೆ. ಈ ಗಾಡಿಯ ಮುಚ್ಚಳದ ರಬ್ಬರ್ ಕಲ್ಲಾಗಿತ್ತು, ಸ್ಪ್ರಿಂಗ್ ಸತ್ತಿತ್ತು. ಏರಿನಲ್ಲಿ ಚಾಲಕರಿಗೆ ಸಿಗಬೇಕಿದ್ದ ಹದಿನೆಂಟು ಇಪ್ಪತ್ತು ಡಿಗ್ರಿಯ ಅವಕಾಶ ಆ ಸತ್ತ ಸ್ಪ್ರಿಂಗಿನಲ್ಲಿ ಹೋಗಿತ್ತು.

ರೇಡಿಯೇಟರ್ ಕತ್ತರಿಸಿ ನೋಡಿದೆವು. ಕೊಳವೆಗಳಲ್ಲಿ ಮೂರನೇ ಒಂದು ಭಾಗದಷ್ಟು ಬಿಳಿ ಕಿಟ್ಟ ಕಟ್ಟಿ ಮುಚ್ಚಿದ್ದವು. ಬಚ್ಚಲುಮನೆಯ ಹಂಡೆಯ ಒಳಗೆ ಕಟ್ಟುತ್ತದಲ್ಲ, ಅದೇ ಸುಣ್ಣದ ಕಿಟ್ಟ. ಸಾವಿರ ಅಡಿ ಆಳದ ಬೋರ್‌ವೆಲ್ಲಿನ ಗಡಸು ನೀರನ್ನು ಹತ್ತು ವರ್ಷ ತುಂಬಿದ ಫಲ. ರೇಡಿಯೇಟರಿನ ನೀರಿಗೆ ಬೆರೆಸುವ ಕೂಲಂಟ್ ದ್ರವ ಹಾಕಿದರೆ ದುಡ್ಡು ದಂಡ, ಬಾವಿ ನೀರು ಸಾಲದೇ ಎಂದು ಹೇಳಿದವರ ಮಾತು ಕೇಳಿದ್ದರು. ಹೊಸ ಕೋರ್ ಹಾಕಿಸಿದೆವು. ತಂದ ಎಂಜಿನ್ನಿನ ನೀರಿನ ಹಾದಿಗಳನ್ನೂ ತೊಳೆದು, ಶುದ್ಧೀಕರಿಸಿದ ನೀರಿಗೆ ಸಮಪಾಲು ಕೂಲಂಟ್ ಬೆರೆಸಿ ತುಂಬಿದೆವು. ನೀರಿನ ಬಿಸಿಗೆ ತಕ್ಕಂತೆ ಅದರ ಹರಿವನ್ನು ತೆರೆದು ಮುಚ್ಚುವ ಥರ್ಮೋಸ್ಟಾಟ್ ಹಳೆಯ ಎಂಜಿನ್ನಿನಲ್ಲಿ ಇರಲೇ ಇಲ್ಲ, ಯಾರೋ ಕಿತ್ತೆಸೆದಿದ್ದರು; ಹೊಸದು ಹಾಕಿದೆವು.

ಇಷ್ಟಾದ ಮೇಲೆ ನಾನೂ ಮುಗಿಯಿತೆಂದೇ ತಿಳಿದೆ. ಇಪ್ಪತ್ತು ಚೀಲ ಸಿಮೆಂಟ್, ಅಂದರೆ ಒಂದು ಟನ್ ಹೇರಿಕೊಂಡು ಮೊಗಿಲಿ ಘಾಟಿಗೇ ಹೋದೆವು. ಡ್ಯಾಷ್‌ಬೋರ್ಡಿನ ಮುಳ್ಳನ್ನು ನಂಬದೆ ಇನ್ನೊಂದು ಗೇಜ್ ಕೂರಿಸಿದ್ದೆ. ಬಯಲಿನಲ್ಲಿ 86. ಏರಿನ ಅರ್ಧದಲ್ಲಿ, ಲಾರಿಗಳ ಹಿಂದೆ ನಿಧಾನವಾಗಿ ಹತ್ತುವಾಗ 98, 101, 104. ನಿಲ್ಲಿಸಿ ಎಂದೆ. ಬದಿಗೆ ನಿಲ್ಲಿಸಿ, ಎಂಜಿನ್ ಆರಿಸದೆ ನಿಧಾನವಾಗಿ ಓಡಲು ಬಿಟ್ಟೆವು. ನೀರು ಎಲ್ಲೂ ಸೋರಿರಲಿಲ್ಲ, ಹೊಸ ಮುಚ್ಚಳ ತನ್ನ ಕೆಲಸ ಮಾಡಿತ್ತು. ಬಾನೆಟ್ ಎತ್ತಿ ರೇಡಿಯೇಟರಿನ ಮುಂದೆ ಒಂದು ಹಾಳೆ ಹಿಡಿದೆ. ನಡುವಿನಲ್ಲಿ ಹಾಳೆ ರೇಡಿಯೇಟರಿಗೆ ಅಂಟಿಕೊಂಡಿತು. ಮೂಲೆಗಳಲ್ಲಿ ಅಲುಗಾಡಲೂ ಇಲ್ಲ.

ಫ್ಯಾನಿನ ಸುತ್ತ ಇರಬೇಕಾದ ಪ್ಲಾಸ್ಟಿಕ್ ಕವಚ ಇರಲಿಲ್ಲ. ಅದಿದ್ದರೆ ಫ್ಯಾನ್ ಇಡೀ ರೇಡಿಯೇಟರಿನ ಅಗಲದಿಂದ ಗಾಳಿ ಎಳೆಯುತ್ತದೆ. ಇಲ್ಲದಿದ್ದರೆ ತನ್ನ ಚಕ್ರದಷ್ಟು ಜಾಗದಿಂದ ಮಾತ್ರ ಎಳೆದು, ಎಂಜಿನ್ ಕಡೆಯ ಬಿಸಿ ಗಾಳಿಯನ್ನೇ ಅಂಚಿನಿಂದ ಮತ್ತೆ ಸುತ್ತಿಸುತ್ತದೆ. ಬಯಲಿನಲ್ಲಿ ಅರವತ್ತರ ವೇಗದಲ್ಲಿ ಗಾಳಿ ತಾನೇ ನುಗ್ಗುವುದರಿಂದ ಈ ಕೊರತೆ ಕಾಣುವುದಿಲ್ಲ. ಎರಡನೇ ಗೇರಿನ ಏರಿನಲ್ಲಿ ಫ್ಯಾನ್ ಒಂದೇ ಗತಿ. ರೇಡಿಯೇಟರ್ ಹೊರಗಿದ್ದಾಗ ನಾನು ಇದನ್ನು ಗಮನಿಸಬೇಕಿತ್ತು. ಬಿಚ್ಚಿದ ವಸ್ತುಗಳ ಪಟ್ಟಿ ಮಾಡಿಸಿದೆ, ಇರಬೇಕಾಗಿದ್ದು ಇಲ್ಲದ್ದರ ಪಟ್ಟಿ ಮಾಡಲಿಲ್ಲ. ಈಗ ನನ್ನ ತರಗತಿಯಲ್ಲಿ ಎರಡೂ ಪಟ್ಟಿ ಬರೆಸುತ್ತೇನೆ.

ಮಾಲೀಕರನ್ನು ಕೇಳಿದೆ. ಸ್ವಲ್ಪ ಯೋಚಿಸಿ, "ಎರಡು ವರ್ಷದ ಹಿಂದೆ ಬೆಲ್ಟ್ ಹಾಕುವಾಗ ಅಡ್ಡ ಬರುತ್ತದೆಂದು ತೆಗೆದಿದ್ದರು ಮೇಷ್ಟ್ರೇ, ಮನೆಯಲ್ಲೇ ಇದೆ" ಎಂದರು. ಅವರ ಮನೆಯ ದನದ ಕೊಟ್ಟಿಗೆಯ ಹಿಂದೆ ಅದು ಮಗುಚಿ ಬಿದ್ದಿತ್ತು, ಅದರ ಕೆಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ತೊಳೆದು, ಮುರಿದ ಒಂದು ಕಿವಿಗೆ ಪಟ್ಟಿ ಹಾಕಿ ಕೂರಿಸಿದೆವು. ಮಾರನೆಯ ದಿನ ಅದೇ ಸಿಮೆಂಟ್, ಅದೇ ಏರು, ಅದೇ ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಮುಳ್ಳು 92ರ ಮೇಲೆ ಹೋಗಲಿಲ್ಲ.

ಒಟ್ಟು ಖರ್ಚು 91,000: ಎಂಜಿನ್ 48,000, ಹೆಡ್ ಕೆಲಸ, ಕ್ಲಚ್, ರೇಡಿಯೇಟರ್ ಕೋರ್, ಪಂಪ್, ಸೀಲುಗಳು ಎಲ್ಲ ಸೇರಿ 31,000, ಕೂಲಿ 12,000. ಆ 31,000ದೊಳಗೆ ಹೊಸ ಮುಚ್ಚಳದ್ದು 250. ಒಂಬತ್ತನೆಯ ದಿನ ಆರ್‌ಟಿಒದಲ್ಲಿ ಇನ್‌ಸ್ಪೆಕ್ಟರ್ ಎಂಜಿನ್ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು, ಆರ್‌ಸಿ ತಿದ್ದುಪಡಿಯಾಯಿತು, ವಿಮೆ ಪತ್ರದಲ್ಲೂ ಹೊಸ ಸಂಖ್ಯೆ ಬರೆಸಿದರು. ಸಾವಿರ ಕಿಲೋಮೀಟರಿಗೆ ಬಂದಾಗ ಎಣ್ಣೆ ಬದಲಿಸಿ, ಹೆಡ್ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ ಕ್ರಮವಾಗಿ ಮತ್ತೊಮ್ಮೆ ಬಿಗಿದು ಕಳಿಸಿದೆವು. ಗಾಡಿಯಲ್ಲಿ ಈಗ ಸದಾ ಐದು ಲೀಟರಿನ ಕೂಲಂಟ್ ಕ್ಯಾನ್ ಇರುತ್ತದೆ, ಮಾಲೀಕರು ಎರಡನೆಯ ಗೇಜನ್ನು ತೆಗೆಯಲು ಬಿಡಲಿಲ್ಲ.

ಬಿರುಕು ಬಿಟ್ಟ ಹಳೆಯ ಬ್ಲಾಕನ್ನು ಅವರಿಂದ ಕೇಳಿ ಪಡೆದೆ. ಕಾರ್ಯಾಗಾರದ ಬೆಂಚಿನ ಮೇಲೆ, ಕತ್ತರಿಸಿದ ರೇಡಿಯೇಟರಿನ ಪಕ್ಕದಲ್ಲಿದೆ. ಹೊಸ ಬ್ಯಾಚ್ ಬಂದ ಮೊದಲ ವಾರ ಸ್ಪ್ಯಾನರ್ ಕೊಡುವುದಕ್ಕೆ ಮುಂಚೆ ಹುಡುಗರನ್ನು ಅದರ ಸುತ್ತ ನಿಲ್ಲಿಸಿ, ಯಾವ ಸಿಲಿಂಡರ್ ಮೊದಲು ಹೋಯಿತು, ಏಕೆ ಹೋಯಿತು ಎಂದು ಕೇಳುತ್ತೇನೆ.